ಹೊರಡುವಾಗ ಮನೆಯಲ್ಲಿ ಏನು ಹೇಳಿದ್ದರು? ಹಳೇ ಕಾಲದ ಪ್ರವಾಸಿ ಹೆಂಗಸರ ಬರಹಗಳು

ತುಂಗೆಯ ದಡ:
ಹಳೇ ಕಾಲದ ಹೆಂಗಸರು ಬರೆದ ಪ್ರವಾಸದ ಪುಸ್ತಕಗಳ ಹುಚ್ಚು ಹಿಡಿದಿದೆ ನನಗೆ. ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಓದುತ್ತಾ ಓದುತ್ತಾ ಒಂದು ಅಭ್ಯಾಸ ಅಂಟಿಕೊಂಡಿದೆ. ಪರ್ವತ, ಮರುಭೂಮಿ, ಹಡಗು ಎಲ್ಲ ಆಮೇಲೆ, ಮೊದಲು ನಾನು ಹುಡುಕುವುದು ಈಕೆ ಮನೆಯಲ್ಲಿ ಏನು ಹೇಳಿ ಹೊರಟಳು ಅಂತ. ಲೋಕ ನೋಡಬೇಕು, ಅದಕ್ಕೇ ಹೋಗುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಿದವರು ತೀರಾ ಕಡಿಮೆ. ಹೆಚ್ಚಿನವರ ಹತ್ತಿರ ಒಂದು ನೆಪ ಇದ್ದೇ ಇರುತ್ತದೆ.

ಇಡಾ ಫೈಫರ್ ಕಥೆ ನೋಡಿ. ವಿಯೆನ್ನಾದವಳು, ಹುಟ್ಟಿದ್ದು 1797ರಲ್ಲಿ. ಅಪ್ಪ ಇವಳನ್ನು ಗಂಡುಹುಡುಗರ ಜೊತೆ ಗಂಡುಹುಡುಗರ ಬಟ್ಟೆಯಲ್ಲೇ ಬೆಳೆಸಿದ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಲಂಗ ಹಾಕಿಸಿದಳು. ಆಮೇಲೆ ಮದುವೆ, ಇಬ್ಬರು ಗಂಡುಮಕ್ಕಳು, ದುಡ್ಡಿನ ತಾಪತ್ರಯ. ಮಕ್ಕಳು ಕೈಗೆ ಬಂದರು ಅನ್ನುವಾಗ, 1842ರಲ್ಲಿ, 44ನೇ ವಯಸ್ಸಿನಲ್ಲಿ, ಕಾನ್‌ಸ್ಟಾಂಟಿನೋಪಲ್‌ನಲ್ಲಿರುವ ಗೆಳತಿಯನ್ನು ನೋಡಿ ಬರುತ್ತೇನೆ ಎಂದು ಡ್ಯಾನ್ಯೂಬ್ ನದಿಯಲ್ಲಿ ಹೊರಟಳು. ಹೋಗಿದ್ದು ಜೆರುಸಲೇಮಿಗೆ, ಅಲ್ಲಿಂದ ಈಜಿಪ್ಟಿಗೆ! ಆಮೇಲೆ ಎರಡು ಸಲ ಭೂಮಿ ಸುತ್ತಿದಳು. ಸುಮಾತ್ರಾದಲ್ಲಿ ಬಟಕ್ ಜನ ಅಡ್ಡಗಟ್ಟಿ, ಕತ್ತು ಕೊಯ್ದು ತಿನ್ನುತ್ತೇವೆ ಎಂದು ಸನ್ನೆ ಮಾಡಿದರಂತೆ. ನಾನು ಮುದುಕಿ, ನನ್ನ ಮಾಂಸ ಬಹಳ ಗಟ್ಟಿ, ತಿನ್ನೋಕಾಗಲ್ಲ ಎಂದು ಅವರದೇ ಮಾತಿನಲ್ಲಿ ತೊದಲಿ ನಗಿಸಿ ಪಾರಾದಳು.

ಇನ್ನೊಬ್ಬಳು ಇಸಬೆಲ್ಲಾ ಬರ್ಡ್, ಇಂಗ್ಲೆಂಡಿನ ಪಾದ್ರಿಯ ಮಗಳು. ಇವಳ ನೆಪ ಬೆನ್ನುನೋವು. ಸಮುದ್ರದ ಗಾಳಿ ಒಳ್ಳೆಯದು ಎಂದು ಡಾಕ್ಟರ್ ಹೇಳಿದರು. 1854ರಲ್ಲಿ ಅಪ್ಪ 100 ಪೌಂಡ್ ಕೈಯಲ್ಲಿಟ್ಟು, ಇದು ಖರ್ಚಾಗುವವರೆಗೆ ಎಲ್ಲಿ ಬೇಕಾದರೂ ಇರು ಎಂದು ಅಮೆರಿಕಕ್ಕೆ ಕಳಿಸಿದ. ಮಜಾ ಏನು ಗೊತ್ತಾ, ಮನೆಯಲ್ಲಿದ್ದಾಗ ಸೋಫಾ ಬಿಟ್ಟು ಏಳಲು ಬಿಡದ ಆ ಬೆನ್ನು, 1873ರಲ್ಲಿ ರಾಕಿ ಪರ್ವತದ ಹಿಮದಲ್ಲಿ ನೂರಾರು ಮೈಲಿ ಕುದುರೆ ಸವಾರಿ ಮಾಡುವಾಗ ತೆಪ್ಪಗಿತ್ತು. 14,000 ಅಡಿ ಮೀರಿದ ಲಾಂಗ್ಸ್ ಪೀಕ್ ಕೂಡ ಹತ್ತಿದಳು. ಊರಿಗೆ ಮರಳಿದರೆ ಮತ್ತೆ ಕಾಯಿಲೆ. ಅವಳು ನಾಟಕ ಮಾಡುತ್ತಿದ್ದಳು ಅಂತ ನಾನು ಹೇಳುವುದಿಲ್ಲ, ನೋವು ನಿಜವೇ ಇರಬೇಕು. ಆದರೆ ಆ ಮನೆಯಲ್ಲಿ ಮಗಳು ಹೊರಗೆ ಹೋಗಲು ನೋವೊಂದೇ ದಾರಿಯಾಗಿತ್ತು, ಅದು ನನ್ನನ್ನು ಕಾಡುತ್ತದೆ.

ನಿಮಗೆ ಗೊತ್ತಿರುವ ಬೇರೆ ನೆಪಗಳು ಇದ್ದರೆ ಹಾಕಿ.

ಮಲ್ಲಿಗೆ ಬಳ್ಳಿ:
ನಮ್ಮ ಅಜ್ಜಿಯ ನೆಪ ಹರಕೆ. ಒಂದು ತೀರಿಸಲು ಹೋದವರು ಅಲ್ಲಿಯೇ ಇನ್ನೊಂದು ಹೊತ್ತುಕೊಂಡು ಬರುತ್ತಿದ್ದರು 😄

ಹಳೇ ಕಪಾಟು:
ಹರಕೆ, ಯಾತ್ರೆ ಇವೇ ಎಲ್ಲಕ್ಕಿಂತ ಹಳೆಯ ನೆಪ. ನಾಲ್ಕನೇ ಶತಮಾನದ ಕೊನೆಯಲ್ಲಿ ಎಗೇರಿಯಾ ಎಂಬ ಹೆಂಗಸು ಯುರೋಪಿನ ಪಶ್ಚಿಮದ ತುದಿಯಿಂದ ಹೊರಟು ಸಿನಾಯ್ ಬೆಟ್ಟ, ಜೆರುಸಲೇಮ್ ಎಲ್ಲ ಸುತ್ತಿ ಊರಿನ ಗೆಳತಿಯರಿಗೆ ಪತ್ರ ಬರೆದಳು. ಅದರ ಪ್ರತಿ 1884ರಲ್ಲಿ ಇಟಲಿಯ ಅರೆಟ್ಸೋ ಊರಿನಲ್ಲಿ ಸಿಕ್ಕಿತು. ಮೊದಲ ಹಾಳೆಗಳೂ ಇಲ್ಲ, ಕೊನೆಯ ಹಾಳೆಗಳೂ ಇಲ್ಲ. ಹಾಗಾಗಿ ಅಕ್ಕಾ, ನಿಮ್ಮ ಪ್ರಶ್ನೆಗೆ ಉತ್ತರ ಇರಬೇಕಾದ ಪುಟವೇ ಕಾಣೆ.

ನನಗೆ ಇಷ್ಟವಾದ ನೆಪ ಮಾತ್ರ ಜಪಾನಿನದು. ಅಬುತ್ಸು ಎಂಬ ಸನ್ಯಾಸಿನಿ, ಕವಿಯ ವಿಧವೆ. ಗಂಡ ಸತ್ತ ಮೇಲೆ ಆಸ್ತಿಗೆ ಸವತಿಯ ಮಗ ಅಡ್ಡ ಬಂದ. ತನ್ನ ಮಗನಿಗೆ ಬರಬೇಕಾದ ಜಮೀನಿಗಾಗಿ 1279ರಲ್ಲಿ ಈಕೆ ಕ್ಯೋಟೋದಿಂದ ಆಗಿನ ಸೈನಿಕ ಸರ್ಕಾರದ ಊರಾದ ಕಾಮಾಕುರಾಕ್ಕೆ ಹೊರಟಳು. ಅಂದರೆ ಕೋರ್ಟು ಕೇಸು! ಆ ಪ್ರಯಾಣದ ದಿನಚರಿಯನ್ನು ಜಪಾನಿನಲ್ಲಿ ಇವತ್ತಿಗೂ ಓದುತ್ತಾರೆ. ದಾರಿಯ ಪ್ರತಿ ಸೇತುವೆಗೆ, ಪ್ರತಿ ನದಿಗೆ ಒಂದೊಂದು ಕವಿತೆ. ನಮ್ಮಲ್ಲಿ ಜಮೀನು ವ್ಯಾಜ್ಯಕ್ಕೆ ತಾಲ್ಲೂಕು ಕಚೇರಿಗೆ ಅಲೆದವರು ಎಷ್ಟು ಜನ ಇದ್ದಾರೆ, ಒಬ್ಬರೂ ಕವಿತೆ ಬರೆಯಲಿಲ್ಲ.

ಲೆಕ್ಕದ ಮೇಷ್ಟ್ರು:
ನೆಪದ ವಿಚಾರ ಚೆನ್ನಾಗಿದೆ ಮೇಡಂ, ಆದರೆ ನನಗೆ ಬೇರೆ ಪ್ರಶ್ನೆ ಬರುತ್ತದೆ. ದುಡ್ಡು ಯಾರದು? ನೆಪ ಯಾರು ಬೇಕಾದರೂ ಹೇಳಬಹುದು. ಅಪ್ಪನ 100 ಪೌಂಡ್ ಇಲ್ಲದಿದ್ದರೆ ಬರ್ಡ್ ಎಲ್ಲಿ ಹೋಗುತ್ತಿದ್ದಳು? ಇದೆಲ್ಲ ಉಳ್ಳವರ ಮನೆಯ ಹೆಣ್ಣುಮಕ್ಕಳ ಕಥೆ ಅಲ್ವಾ?

ತುಂಗೆಯ ದಡ:
ಮೇಷ್ಟ್ರೇ, ಅರ್ಧ ಒಪ್ಪುತ್ತೇನೆ. ಬರ್ಡ್ ಬಡವಳಲ್ಲ. ಆದರೆ ಫೈಫರ್ ಉಳ್ಳವಳೂ ಅಲ್ಲ. ಮೊದಲ ಪ್ರಯಾಣದ ಪುಸ್ತಕ 1844ರಲ್ಲಿ ಹೆಸರು ಹಾಕದೇ ಬಂತು, ಆ ದುಡ್ಡಿನಲ್ಲಿ ಐಸ್‌ಲ್ಯಾಂಡಿಗೆ ಹೋದಳು. ಅಲ್ಲಿಂದ ಮುಂದೆ ಕೀಟ, ಗಿಡ, ಚಿಪ್ಪು ಹೆಕ್ಕಿ ತಂದು ಮ್ಯೂಸಿಯಂಗಳಿಗೆ ಮಾರುವುದು, ಪುಸ್ತಕ ಬರೆಯುವುದು, ಆ ಹಣದಲ್ಲಿ ಮತ್ತೆ ಹೊರಡುವುದು. ಎಷ್ಟೋ ಪುಟಗಳಲ್ಲಿ ಇಷ್ಟು ಕೊಟ್ಟೆ, ಇಷ್ಟು ಕೇಳಿದರು, ಮೋಸ ಮಾಡಿದರು ಎಂದು ಗೊಣಗುತ್ತಾಳೆ. ಓದಲು ಕೆಲವು ಸಲ ಬೇಸರ, ಆದರೆ ನೀವು ಓದಿದರೆ ಖುಷಿಪಡುತ್ತೀರಿ.

ಅಲೆಕ್ಸಾಂಡ್ರಾ ಡೇವಿಡ್ ನೀಲ್ ಹೆಸರು ಕೇಳಿರಬೇಕು. 1924ರಲ್ಲಿ ಭಿಕ್ಷುಕಿಯ ವೇಷದಲ್ಲಿ, ಹೊರಗಿನವರನ್ನು ಬಿಡದ ಟಿಬೆಟ್ಟಿನ ಲಾಸಾ ಸೇರಿದ ಫ್ರೆಂಚ್ ಹೆಂಗಸು, ಆಗ ವಯಸ್ಸು 55. ಕೂದಲಿಗೆ ಚೀನೀ ಮಸಿ, ಮುಖಕ್ಕೆ ಕೋಕೋ ಪುಡಿ ಮತ್ತು ಇದ್ದಿಲು, ಬಟ್ಟೆಯೊಳಗೆ ಪಿಸ್ತೂಲು. ಅವಳಿಗೆ ದುಡ್ಡು ಕಳಿಸುತ್ತಿದ್ದವನು ಗಂಡ, ಟ್ಯುನಿಸಿಯಾದಲ್ಲಿ ರೈಲ್ವೆ ಎಂಜಿನಿಯರ್. 1911ರಲ್ಲಿ 18 ತಿಂಗಳಲ್ಲಿ ಬರುತ್ತೇನೆ ಎಂದು ಹೋದವಳು ವಾಪಸ್ ಬಂದಿದ್ದು 14 ವರ್ಷದ ಮೇಲೆ.

ಲೆಕ್ಕದ ಮೇಷ್ಟ್ರು:
14 ವರ್ಷ! ಆ ಗಂಡನ ಮೇಲೆ ಯಾರಾದರೂ ಪುಸ್ತಕ ಬರೆಯಲಿ 🙏

ರಾತ್ರಿಪಾಳಿ:
ನಾನು ನರ್ಸ್, ಹಾಗಾಗಿ ಮೇರಿ ಕಿಂಗ್ಸ್ಲಿ ನನ್ನವಳು. ಯಾರೂ ಹೇಳಲಿಲ್ಲ ಅಂತ ನಾನೇ ಹೇಳುತ್ತೇನೆ. ಅವಳ ಅಪ್ಪ ಡಾಕ್ಟರ್, ದೊಡ್ಡ ಮನುಷ್ಯರ ಜೊತೆ ಪ್ರಪಂಚ ಸುತ್ತಿಕೊಂಡು ಆರಾಮಾಗಿದ್ದ. ಇವಳು 30 ವರ್ಷ ಆಗುವವರೆಗೆ ಲಂಡನ್, ಕೇಂಬ್ರಿಡ್ಜಿನ ಮನೆಗಳಲ್ಲಿ ಅಮ್ಮನ ಆರೈಕೆ ಮಾಡಿಕೊಂಡಿದ್ದಳು. 1892ರಲ್ಲಿ ಎರಡೇ ತಿಂಗಳ ಅಂತರದಲ್ಲಿ ಅಪ್ಪ ಅಮ್ಮ ಇಬ್ಬರೂ ಹೋದರು. ಮುಂದಿನ ವರ್ಷ ಇವಳು ಪಶ್ಚಿಮ ಆಫ್ರಿಕಾದ ಹಡಗು ಹತ್ತಿದಳು. ನೆಪ ಒಂದಲ್ಲ, ಎರಡು. ಅಪ್ಪ ಅರ್ಧಕ್ಕೆ ಬಿಟ್ಟ ಪುಸ್ತಕ ಮುಗಿಸಬೇಕು ಎನ್ನುವುದು ಒಂದು, ಬ್ರಿಟಿಷ್ ಮ್ಯೂಸಿಯಂಗೆ ನದಿಯ ಮೀನು ತರಬೇಕು ಎನ್ನುವುದು ಇನ್ನೊಂದು. ಮೀನು ತಂದಳು ಕೂಡ, ಮೂರು ಹೊಸ ಜಾತಿಗೆ ಅವಳ ಹೆಸರೇ ಇಟ್ಟರು.

ಮೇಷ್ಟ್ರೇ, ದುಡ್ಡಿನ ವಿಷಯಕ್ಕೆ ಬಂದರೆ ಇವಳು ಬಟ್ಟೆ, ಹೊಗೆಸೊಪ್ಪು ಕೊಟ್ಟು ರಬ್ಬರ್, ದಂತ ಕೊಳ್ಳುವ ವ್ಯಾಪಾರ ಮಾಡಿಕೊಂಡೇ ಊರೂರು ಸುತ್ತಿದಳು. ವ್ಯಾಪಾರಿ ಎಂದರೆ ಜನಕ್ಕೆ ಅರ್ಥವಾಗುತ್ತದೆ, ಸುಮ್ನೆ ನೋಡಲು ಬಂದೆ ಎಂದರೆ ಅನುಮಾನ. ಅಂದರೆ ನೆಪ ಇಂಗ್ಲೆಂಡಿನಲ್ಲಿ ಮಾತ್ರವಲ್ಲ, ಆಫ್ರಿಕಾದಲ್ಲೂ ಬೇಕಾಯಿತು.

ಅವಳ ಬಟ್ಟೆಯ ಕಥೆ ಗೊತ್ತಿರಬೇಕು. ಕಾಡಿನಲ್ಲೂ ಅದೇ ಇಂಗ್ಲೆಂಡಿನ ದಪ್ಪ ಉದ್ದ ಲಂಗ. ಒಂದು ಸಲ ಪ್ರಾಣಿ ಹಿಡಿಯಲು ತೋಡಿದ ಗುಂಡಿಯೊಳಗೆ ಬಿದ್ದಳು, ಹತ್ತಿರ ಹತ್ತಿರ 15 ಅಡಿ ಆಳ, ತಳದಲ್ಲಿ ಅಡಿಯುದ್ದದ ಚೂಪು ಮರದ ಗೂಟಗಳು. ಲಂಗ ದಪ್ಪ ಇದ್ದಿದ್ದಕ್ಕೆ ಉಳಿದಳು. ಪ್ಯಾಂಟು ಹಾಕಿಕೋ ಎಂದು ಸಲಹೆ ಕೊಟ್ಟವರ ಮಾತು ಕೇಳಿದ್ದರೆ ನನ್ನ ಕಥೆ ಮುಗಿಯುತ್ತಿತ್ತು ಎಂದು ಗೇಲಿ ಮಾಡುತ್ತಾಳೆ. ಇಷ್ಟೆಲ್ಲ ಮಾಡಿದವಳು, ಅವಳ ತಮ್ಮ ಲಂಡನ್ನಿಗೆ ಬಂದ ಅಂದರೆ ಸಾಕು, ಎಲ್ಲ ಬಿಟ್ಟು ಅವನಿಗೆ ಮನೆ ನೋಡಿಕೊಳ್ಳಲು ಕೂರುತ್ತಿದ್ದಳು. ಹೆಂಗಸರಿಗೆ ಓಟು ಬೇಡ ಎಂದವಳೂ ಇವಳೇ. ಇದನ್ನು ಓದಿದಾಗ ನನಗೆ ರೇಗಿತು, ಈಗಲೂ ರೇಗುತ್ತದೆ. 1900ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬೋಯರ್ (ಬ್ರಿಟಿಷರ ವಿರುದ್ಧ ಹೋರಾಡಿದ, ಡಚ್ ಮೂಲದವರು) ಯುದ್ಧಕೈದಿಗಳ ಶುಶ್ರೂಷೆ ಮಾಡುತ್ತಾ ಟೈಫಾಯ್ಡ್ ತಗುಲಿ ಸತ್ತಳು. 37 ವಯಸ್ಸು ಅಷ್ಟೇ.

ದೂರದ ಕನ್ನಡಿಗ:
ಎಲ್ಲ ಸರಿ. ಆದರೆ ಇವರ ಟ್ರಂಕು ಹೊತ್ತವರು ಯಾರು? ದೋಣಿ ಹುಟ್ಟು ಹಾಕಿದವರು? ಈ ಪುಸ್ತಕಗಳಲ್ಲಿ "ಒಬ್ಬಳೇ ಹೋದೆ" ಅಂತ ಬರುತ್ತದೆ, ಅದೇ ಪುಟದಲ್ಲಿ ಹಿಂದೆ ನಾಲ್ಕು ಜನ ಕೂಲಿಗಳು ಇರುತ್ತಾರೆ. ಬಂದೂಕಿನ ಸಾಮ್ರಾಜ್ಯ ಬೆನ್ನಿಗಿದ್ದಾಗ ಸಾಹಸ ಸುಲಭ. ನಮ್ಮವರನ್ನು ಕೊಳಕರು, ಕಳ್ಳರು ಅಂತ ಬರೆದಿದ್ದನ್ನು ಈಗ ನಾವೇ ಕೂತು ಮೆಚ್ಚುವುದು ನನಗೆ ಕಷ್ಟ.

ಹಳೇ ಕಪಾಟು:
ಒಳ್ಳೆಯ ಪ್ರಶ್ನೆ ಸರ್, ತಕರಾರಿಲ್ಲ. ಆದರೆ ಬಂದೂಕು ಇವರ ಕಡೆ ಇಲ್ಲದ ಒಂದು ಪುಸ್ತಕ ಹೇಳುತ್ತೇನೆ, ಅದೂ ನಮ್ಮ ಮೈಸೂರಿಗೆ ಸಂಬಂಧಪಟ್ಟಿದ್ದು. ಎಲೈಜಾ ಫೇ. 1779ರಲ್ಲಿ ಗಂಡನ ಜೊತೆ ಲಂಡನ್ ಬಿಟ್ಟಳು, ಗಂಡನಿಗೆ ಕಲ್ಕತ್ತಾದಲ್ಲಿ ವಕೀಲಿಕೆ ಮಾಡುವ ಆಸೆ. ಫ್ರಾನ್ಸ್, ಆಲ್ಪ್ಸ್, ಈಜಿಪ್ಟಿನ ಮರಳುಗಾಡು ದಾಟಿ ಕಲ್ಲಿಕೋಟೆಗೆ ಬಂದಿಳಿದರೆ, ಅದು ಆಗ ಹೈದರಾಲಿಯ ಕೈಯಲ್ಲಿತ್ತು. ಇಂಗ್ಲಿಷರು ಎಂದು ಹಿಡಿದು ಕೂಡಿಹಾಕಿದರು. ಕೈಗಡಿಯಾರ ಇನ್ನೂ ಇಲ್ಲದ ಕಾಲ, ಜೇಬು ಗಡಿಯಾರಗಳನ್ನು ಈಕೆ ಕೂದಲಲ್ಲಿ ಬಚ್ಚಿಟ್ಟುಕೊಂಡಳು, ಟಿಕ್ ಟಿಕ್ ಕೇಳಬಾರದೆಂದು ಪಿನ್ನು ಚುಚ್ಚಿ ನಿಲ್ಲಿಸಿ! ಕೊನೆಗೆ ಬಿಡುಗಡೆಗೆ ನೆರವಾದವನು ಅಲ್ಲಿನ ಐಸಾಕ್ ಎಂಬ ಯಹೂದಿ ವ್ಯಾಪಾರಿ. ಹೈದರನನ್ನು ಬೈದಿದ್ದಾಳೆ, ಬೈಯದೇ ಏನು. ಆದರೆ ಎರಡನೇ ಮೈಸೂರು ಯುದ್ಧ ಶುರುವಾಗುವ ಸ್ವಲ್ಪ ಮುಂಚೆ ಮಲಬಾರಿನ ಕೋಟೆಯೊಳಗೆ ಸೆರೆಯಲ್ಲಿದ್ದ ಹೆಂಗಸಿನ ಪತ್ರ ಬೇರೆ ಎಲ್ಲಿ ಸಿಗುತ್ತದೆ?

ಗಂಡ ದಂಡಪಿಂಡ, ಕಲ್ಕತ್ತಾದಲ್ಲಿ ಬಿಟ್ಟಳು. ಬಟ್ಟೆ ವ್ಯಾಪಾರ ಮಾಡಿದಳು, ದಿವಾಳಿಯಾದಳು, ಮತ್ತೆ ಮತ್ತೆ ಸಮುದ್ರ ದಾಟಿದಳು. 1816ರಲ್ಲಿ ಕಲ್ಕತ್ತಾದಲ್ಲೇ ಸತ್ತಳು. ಪತ್ರಗಳು ಮುಂದಿನ ವರ್ಷ ಪುಸ್ತಕವಾಗಿದ್ದು ಸಾಲ ಕೊಟ್ಟವರ ಬಾಕಿ ತೀರಿಸಲು.

ಮಲ್ಲಿಗೆ ಬಳ್ಳಿ:
ಸಾಮ್ರಾಜ್ಯದ ಮಾತಿಗೆ ಇನ್ನೊಂದು. ಇಂಗ್ಲೆಂಡಿನ ಲೇಡಿ ಮೇರಿ ಮಾಂಟೆಗ್ಯೂ 1717ರಲ್ಲಿ, ಆಗ ತುರ್ಕಿಯ ಕೈಯಲ್ಲಿದ್ದ ಸೋಫಿಯಾ ಊರಿನ ಹಮಾಮಿಗೆ ಹೋದಳು, ಹೆಂಗಸರ ಸ್ನಾನದ ಮನೆ. ಅಲ್ಲಿಯವರು ನೀನೂ ಬಟ್ಟೆ ಬಿಚ್ಚು ಬಾ ಎಂದು ಕರೆದರು. ಇವಳು ಅಂಗಿ ಸ್ವಲ್ಪ ಸರಿಸಿ ಒಳಗಿದ್ದ ಬಿಗಿಯಾದ ಕಾರ್ಸೆಟ್ ತೋರಿಸಿದಳು. ಅಯ್ಯೋ ಪಾಪ, ಗಂಡ ಇವಳನ್ನು ಪೆಟ್ಟಿಗೆಯಲ್ಲಿ ಹಾಕಿ ಬೀಗ ಹಾಕಿದ್ದಾನೆ ಎಂದುಕೊಂಡರಂತೆ! ಯುರೋಪಿನವರು ತುರ್ಕಿಯ ಹೆಂಗಸರು ಸೆರೆಯಲ್ಲಿದ್ದಾರೆ ಎಂದು ಬರೆಯುತ್ತಿದ್ದ ಕಾಲ ಅದು. ಹಮಾಮಿನೊಳಗೆ ಯಾವ ಗಂಡಸೂ ಕಾಲಿಟ್ಟಿರಲಿಲ್ಲ, ಆದರೂ ಪುಟಗಟ್ಟಲೆ ಬರೆಯುತ್ತಿದ್ದರು. ಸಿಡುಬಿಗೆ ಅಲ್ಲಿನ ಅಜ್ಜಿಯರು ಚುಚ್ಚು ಹಾಕುವುದನ್ನು ನೋಡಿ ತನ್ನ ಮಗನಿಗೂ ಹಾಕಿಸಿದಳು, ಊರಿಗೆ ಬಂದು ಅದನ್ನು ಪ್ರಚಾರ ಮಾಡಿದಳು. ಹೋಗುವ ನೆಪ ಗಂಡನ ರಾಯಭಾರಿ ಕೆಲಸ. ಪತ್ರಗಳು ಅಚ್ಚಾಗಿದ್ದು ಅವಳು ಸತ್ತ ಮೇಲೆ, 1763ರಲ್ಲಿ.

ಮಾಳದ ಕಡೆಯವ:
ಎಂಥ ಮಾರಾಯ್ರೇ, ಇಷ್ಟು ಹೊತ್ತಾಯಿತು, ಇನ್ನೂ ರಮಾಬಾಯಿ ಹೆಸರು ಬರಲಿಲ್ಲ! ದೂರದ ಕನ್ನಡಿಗರೇ, ನಿಮ್ಮ ಪ್ರಶ್ನೆಗೆ ಉತ್ತರ ಅವರೇ.

ಪಂಡಿತಾ ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ನಮ್ಮ ಕಾರ್ಕಳ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದರು ಎಂಬುದಕ್ಕೆ ಊರವರು ತಿರುಗಿಬಿದ್ದರು. ಅವರು ಘಟ್ಟ ಹತ್ತಿ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿದರು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಜಾಗ. 1858ರಲ್ಲಿ ರಮಾಬಾಯಿ ಹುಟ್ಟಿದ್ದು ಅಲ್ಲಿ. ಮಗು ಇನ್ನೂ ತೀರಾ ಚಿಕ್ಕದಿರುವಾಗಲೇ ಸಂಸಾರ ಊರು ಬಿಟ್ಟು ತೀರ್ಥಯಾತ್ರೆ ಹೊರಟಿತು. ದೇವಸ್ಥಾನಗಳಲ್ಲಿ ಪುರಾಣ ಓದುವುದು, ಕೊಟ್ಟಿದ್ದರಲ್ಲಿ ಬದುಕುವುದು. 1870ರ ದಶಕದ ಬರಗಾಲದಲ್ಲಿ ಅಪ್ಪ, ಅಮ್ಮ, ಅಕ್ಕ ಒಬ್ಬೊಬ್ಬರಾಗಿ ಹೋದರು. ಅಮ್ಮನ ಹೆಣ ಹೊರಲು ಜನ ಸಾಲದೆ ರಮಾಬಾಯಿಯೇ ಹೆಗಲು ಕೊಡಬೇಕಾಯಿತು, ಕುಳ್ಳಗಿದ್ದದ್ದರಿಂದ ಚಟ್ಟದ ಆ ತುದಿಯನ್ನು ತಲೆ ಮೇಲೆ ಹೊತ್ತರಂತೆ. ಆಮೇಲೆ ಅಣ್ಣ ತಂಗಿ ಇಬ್ಬರೇ ನಡೆದು ನಡೆದು 1878ರಲ್ಲಿ ಕಲ್ಕತ್ತಾ ಮುಟ್ಟಿದರು. ಅಲ್ಲಿನ ಪಂಡಿತರು ಈ ಹುಡುಗಿಯ ಸಂಸ್ಕೃತ ಕೇಳಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಸಾಹಸದ ಪ್ರಯಾಣ ಅಂದರೆ ನನಗೆ ಇದು. ಕೂಲಿಯಿಲ್ಲ, ಟ್ರಂಕಿಲ್ಲ, ಊಟವೂ ಇಲ್ಲ.

ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನೂ ತೀರಿಕೊಂಡರು. ಸಣ್ಣ ಮಗಳು ಮನೋರಮೆಯನ್ನು ಕಟ್ಟಿಕೊಂಡು 1883ರಲ್ಲಿ ಇಂಗ್ಲೆಂಡಿಗೆ ಹೊರಟರು. ಅಕ್ಕಾ, ನೆಪ ಕೇಳಿದಿರಲ್ಲ, ಅಲ್ಲಿಗೆ ಡಾಕ್ಟರಿಕೆ ಕಲಿಯಲು. ಕಿವಿ ಸರಿಯಾಗಿ ಕೇಳದ್ದರಿಂದ ಅದು ಆಗಲಿಲ್ಲ. 1886ರಲ್ಲಿ ಅಮೆರಿಕಕ್ಕೆ ಹೋಗಲು ನೆಪ ಆನಂದಿಬಾಯಿ ಜೋಶಿಯವರು ಫಿಲಡೆಲ್ಫಿಯಾದಲ್ಲಿ ಡಾಕ್ಟರ್ ಪದವಿ ಪಡೆಯುವ ಸಮಾರಂಭ. ಒಂದು ಸಮಾರಂಭಕ್ಕೆ ಹೋದವರು ಎರಡು ವರ್ಷಕ್ಕಿಂತ ಜಾಸ್ತಿ ಉಳಿದು, ಊರೂರು ಭಾಷಣ ಮಾಡಿ, ವಿಧವೆಯರ ಶಾಲೆಗೆ ದುಡ್ಡು ಕೂಡಿಸಿದರು. ವಾಪಸ್ ಬಂದ ವರ್ಷ, 1889ರಲ್ಲಿ, ಅಮೆರಿಕದ ಬಗ್ಗೆ ಮರಾಠಿಯಲ್ಲಿ ಪುಸ್ತಕ ಬಂತು.

ಇಲ್ಲಿ ನೋಡುವ ಕಣ್ಣೇ ತಿರುಗಿತು. ಅಲ್ಲಿಯವರೆಗೆ ಬಿಳಿಯರು ನಮ್ಮನ್ನು ನೋಡಿ ಬರೆಯುತ್ತಿದ್ದರು, ಈಗ ಬಿಳಿ ಸೀರೆಯ ವಿಧವೆ ಅವರನ್ನು ನೋಡಿ ನಮ್ಮವರಿಗೆ ಬರೆದರು. ರಾಜನಿಲ್ಲದ ಸರ್ಕಾರ ಹೇಗೆ ನಡೆಯುತ್ತದೆ, ಹೆಂಗಸರು ಸಂಘ ಕಟ್ಟಿ ಕುಡಿತದ ವಿರುದ್ಧ ಹೇಗೆ ನಿಂತರು, ಹುಡುಗಿಯರ ಕಾಲೇಜಿನಲ್ಲಿ ಏನು ಕಲಿಸುತ್ತಾರೆ, ಎಲ್ಲ ಇದೆ. ಮೆಚ್ಚುಗೆ ಜಾಸ್ತಿಯೇ ಇದೆ, ಹೌದು. ಆದರೆ ಅಲ್ಲಿನ ಮೂಲನಿವಾಸಿಗಳಿಗೆ ಮಾಡಿದ ಮೋಸ, ಕರಿಯರನ್ನು ನಡೆಸಿಕೊಂಡ ರೀತಿ ಇವನ್ನೂ ಬಿಟ್ಟಿಲ್ಲ. ಇಂಗ್ಲಿಷರ ಕೈಕೆಳಗಿದ್ದ ಓದುಗರಿಗೆ, ಅದೇ ಇಂಗ್ಲಿಷರನ್ನು ಓಡಿಸಿದ ದೇಶದ ಬಗ್ಗೆ ಬರೆಯುವುದು ಸುಮ್ಮನೆ ಆಯ್ದ ವಿಷಯ ಅಂತ ನನಗೆ ಅನ್ನಿಸುವುದಿಲ್ಲ.

ಗರುಡಗಂಬ:
ಆಕೆ ಅಲ್ಲಿ ಹೋಗಿ ಮತ ಬದಲಿಸಿದರು, ಅದನ್ನು ಯಾಕೆ ಹೇಳಲಿಲ್ಲ?

ಮಾಳದ ಕಡೆಯವ:
ಮುಚ್ಚಿಡುವುದು ಏನಿದೆ ಸ್ವಾಮಿ, 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. ಆದರೆ ಮಾಂಸ ಮುಟ್ಟಲಿಲ್ಲ, ಮೊಟ್ಟೆ ಹಾಕಿದ ತಿಂಡಿಯನ್ನೂ ತಿನ್ನಲಿಲ್ಲ, ಅಲ್ಲಿನ ಸನ್ಯಾಸಿನಿಯರ ಜೊತೆ ಧರ್ಮದ ವಿಚಾರದಲ್ಲಿ ಪತ್ರದ ಮೇಲೆ ಪತ್ರ ಬರೆದು ಜಗಳ ಮಾಡಿದರು. ಯಾರ ಮಾತನ್ನೂ ಸುಲಭಕ್ಕೆ ಕೇಳುವ ಜನ ಅಲ್ಲ ಅವರು. ಅದರ ಚರ್ಚೆ ಬೇರೆ ಕಡೆ ಮಾಡೋಣ, ಇಲ್ಲಿ ಪ್ರವಾಸ.

ದೂರದ ಕನ್ನಡಿಗ:
ಇದು ಗೊತ್ತಿರಲಿಲ್ಲ, ಓದುತ್ತೇನೆ. ಮರಾಠಿ ಬರುವುದಿಲ್ಲ, ಇಂಗ್ಲಿಷ್ ಅನುವಾದ ಇದೆಯಾ?

ಮಾಳದ ಕಡೆಯವ:
ಇದೆ.

ರಾತ್ರಿಪಾಳಿ:
ಬಂಗಾಳಿಯಲ್ಲಿ ಕೃಷ್ಣಭಾವಿನಿ ದಾಸ್ ಇದ್ದಾರೆ, ರಮಾಬಾಯಿಗಿಂತ ಸ್ವಲ್ಪ ಮೊದಲು. 1882ರಲ್ಲಿ ಗಂಡನ ಜೊತೆ ಇಂಗ್ಲೆಂಡಿಗೆ ಹೋದರು, 1885ರಲ್ಲಿ ಪುಸ್ತಕ ಬಂತು. ಮಗಳನ್ನು ಮಾತ್ರ ಮನೆಯವರು ಕಳಿಸಲಿಲ್ಲ, ಇಲ್ಲೇ ಬಿಟ್ಟು ಹೋಗಬೇಕಾಯಿತು. ಮಗಳಿಗೆ ಚಿಕ್ಕ ವಯಸ್ಸಿನಲ್ಲೇ ಮದುವೆ ಮಾಡಿಬಿಟ್ಟರು. ಇಂಗ್ಲೆಂಡಿನ ಹೆಂಗಸರ ಸ್ವಾತಂತ್ರ್ಯದ ಬಗ್ಗೆ ಅವರು ಬರೆದಿದ್ದನ್ನು ಈ ವಿಷಯ ಗೊತ್ತಿದ್ದು ಓದಿದರೆ ಬೇರೆಯೇ ಅನ್ನಿಸುತ್ತದೆ.

ಲೆಕ್ಕದ ಮೇಷ್ಟ್ರು:
ಇಷ್ಟೆಲ್ಲ ಸುತ್ತಿದ ಹೆಂಗಸರಿಗೆ ಆ ಕಾಲದ ದೊಡ್ಡ ಸಂಘ ಸಂಸ್ಥೆಗಳಲ್ಲಿ ಮರ್ಯಾದೆ ಇತ್ತಾ?

ತುಂಗೆಯ ದಡ:
ಅದು ತಮಾಷೆಯ ಕಥೆ ಮೇಷ್ಟ್ರೇ. ಫೈಫರ್‌ಗೆ ಬರ್ಲಿನ್, ಪ್ಯಾರಿಸ್ಸಿನ ಭೂಗೋಳ ಸಂಘಗಳು ಗೌರವ ಸದಸ್ಯತ್ವ ಕೊಟ್ಟವು, ಲಂಡನ್ನಿನದು ಹೆಂಗಸು ಎಂದು ಕೊಡಲಿಲ್ಲ. ಅದೇ ಲಂಡನ್ ಸಂಘ 1892ರಲ್ಲಿ ಬರ್ಡ್ ಸೇರಿ ಕೆಲವರನ್ನು ಸೇರಿಸಿಕೊಂಡಿತು. ಗಂಡಸರ ಗಲಾಟೆ ಶುರುವಾಗಿ ಮುಂದಿನ ವರ್ಷವೇ ಬಾಗಿಲು ಹಾಕಿದರು. ಗಲಾಟೆ ಮಾಡಿದವರಲ್ಲಿ ಮುಂದೆ ನಮ್ಮ ವೈಸರಾಯ್ ಆದ ಕರ್ಜನ್ ಇದ್ದ, ಸುತ್ತಾಡುವ ಹೆಂಗಸರನ್ನು ಹೀಯಾಳಿಸಿ ಪತ್ರಿಕೆಗೆ ಬರೆದ. 1913ರಲ್ಲಿ ಕೊನೆಗೂ ಹೆಂಗಸರಿಗೆ ಬಾಗಿಲು ತೆಗೆದಾಗ ಆ ಸಂಘದ ಅಧ್ಯಕ್ಷ ಯಾರು ಹೇಳಿ? ಅದೇ ಕರ್ಜನ್. ಬರ್ಡ್ ಅದನ್ನು ನೋಡಲಿಲ್ಲ, 1904ರಲ್ಲೇ ಹೋದಳು.

ಹಳೇ ಕಪಾಟು:
ಬರೆಯದೇ ಉಳಿದವರ ಬಗ್ಗೆಯೂ ಒಂದು ಮಾತು. ಬಾಬರನ ಮಗಳು ಗುಲ್‌ಬದನ್ ಬೇಗಂ ಐವತ್ತು ದಾಟಿದ ಮೇಲೆ, 1570ರ ದಶಕದಲ್ಲಿ, ಅರಮನೆಯ ಹೆಂಗಸರ ಗುಂಪು ಕಟ್ಟಿಕೊಂಡು ಹಜ್‌ಗೆ ಹೋದಳು. ಮೆಕ್ಕಾದಲ್ಲಿ ವರ್ಷಗಟ್ಟಲೆ ಇದ್ದು, ಬರುವಾಗ ಏಡನ್ ಹತ್ತಿರ ಹಡಗು ಒಡೆದು ಸಿಕ್ಕಿಬಿದ್ದು, 1582ರಲ್ಲಿ ಫತೇಪುರ್ ಸಿಕ್ರಿಗೆ ಮರಳಿದಳು. ಮುಂದೆ ಅಣ್ಣ ಹುಮಾಯೂನನ ಬಗ್ಗೆ ಪುಸ್ತಕ ಬರೆದಳು. ಅದರಲ್ಲಿ ಹಜ್ ಬಗ್ಗೆ ಒಂದು ಸಾಲೂ ಇಲ್ಲ, ಸಿಕ್ಕಿರುವ ಹಸ್ತಪ್ರತಿ ಅದಕ್ಕೆ ಬಹಳ ಮೊದಲೇ ತಟ್ಟನೆ ನಿಂತುಹೋಗುತ್ತದೆ. ಹೊಟ್ಟೆ ಉರಿಯುತ್ತದೆ ನನಗೆ. 1863ರಲ್ಲಿ ಹೋದ ಭೋಪಾಲದ ಸಿಕಂದರ್ ಬೇಗಂ ಮಾತ್ರ ಚೆನ್ನಾಗಿ ಬರೆದಿದ್ದಾರೆ. ಜೆಡ್ಡಾದ ಸುಂಕದವರ ಕಾಟ, ಬೀದಿಯ ಕೊಳಕು, ಯಾವುದನ್ನೂ ಬಿಟ್ಟಿಲ್ಲ. ಸ್ವತಃ ಆಡಳಿತ ನಡೆಸುತ್ತಿದ್ದ ಹೆಂಗಸು, ಪವಿತ್ರ ಊರು ಅಂತ ಸುಮ್ಮನಿರಲಿಲ್ಲ.

ಗರುಡಗಂಬ:
ನಮ್ಮ ಅಕ್ಕಮಹಾದೇವಿ? ಉಡುತಡಿಯಿಂದ ಕಲ್ಯಾಣ, ಅಲ್ಲಿಂದ ಶ್ರೀಶೈಲ.

ತುಂಗೆಯ ದಡ:
ಬಹಳ ಸರಿ. ಪ್ರವಾಸ ಕಥನ ಅನ್ನಲಾಗದು, ಆದರೆ ಹಸಿವಿಗೆ ಊರಿನ ಭಿಕ್ಷೆ, ಬಾಯಾರಿಕೆಗೆ ಕೆರೆ ಬಾವಿ, ಮಲಗಲು ಹಾಳು ದೇಗುಲ ಎಂದು ದಾರಿಯ ಖರ್ಚುವೆಚ್ಚ ಇಷ್ಟು ಚಿಕ್ಕದಾಗಿ ಯಾರೂ ಹೇಳಿಲ್ಲ. ಇನ್ನೊಂದು ಏನೆಂದರೆ ಈ ಇಡೀ ಪಟ್ಟಿಯಲ್ಲಿ ನೆಪ ಹೇಳದೇ ಹೊರಟವರು ಅವರೊಬ್ಬರೇ ಇರಬೇಕು.

ಮಲ್ಲಿಗೆ ಬಳ್ಳಿ:
ಈಗಿನ ಕಾಲದ್ದು, ಕನ್ನಡದ್ದೇ ಬೇಕೆಂದರೆ ನೇಮಿಚಂದ್ರ ಅವರ 'ಪೆರುವಿನ ಪವಿತ್ರ ಕಣಿವೆಯಲ್ಲಿ' ಓದಿ. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದವರು. ದಕ್ಷಿಣ ಅಮೆರಿಕದ ಅಷ್ಟು ದೂರಕ್ಕೆ, ಅದೂ ತಾವೇ ಎಲ್ಲ ಹೊಂದಿಸಿಕೊಂಡು ಹೋದ ಪ್ರವಾಸ.

ಇನ್ನೊಂದು ಸಲಹೆ ಬೇಕಿತ್ತು. ನಮ್ಮ ಅತ್ತೆಗೆ ಇಂಗ್ಲಿಷ್ ಓದು ಚೆನ್ನಾಗಿದೆ, ರಿಟೈರ್ ಆಗಿದ್ದಾರೆ, ಮ್ಯಾಪ್ ಹಿಡಿದು ಕೂರುವ ಜನ. ಇಲ್ಲಿ ಹೇಳಿದ ಇಷ್ಟರಲ್ಲಿ ಮೊದಲು ಯಾವುದು ಕೊಡಲಿ?

ರಾತ್ರಿಪಾಳಿ:
ಕಿಂಗ್ಸ್ಲಿ, ಬೇರೆ ಮಾತೇ ಇಲ್ಲ. ಮೀನಿನ ಭಾಗ ಬೇಕಾದರೆ ಹಾರಿಸಲಿ.

ಹಳೇ ಕಪಾಟು:
ಕಿಂಗ್ಸ್ಲಿ ಬಹಳ ದಪ್ಪ ಪುಸ್ತಕ, ಮೊದಲಿಗೆ ಬೇಡ. ಬರ್ಡ್ ಬರೆದ ರಾಕಿ ಪರ್ವತದ ಪತ್ರಗಳು ಕೊಡಿ, ತಂಗಿಗೆ ಬರೆದಿದ್ದು, ಸರಾಗ ಓದಿಸಿಕೊಂಡು ಹೋಗುತ್ತದೆ. ಹಳೆಯದಾದ್ದರಿಂದ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಎಲೈಜಾ ಫೇ ಮಾತ್ರ ಅತ್ತೆಗೆ ಈಗಲೇ ಕೊಡಬೇಡಿ, ಅರ್ಧ ಪುಸ್ತಕ ಗಂಡನ ಮೇಲಿನ ದೂರು.

ಮಲ್ಲಿಗೆ ಬಳ್ಳಿ:
ಹಾಗಾದರೆ ಅದನ್ನೇ ಮೊದಲು ಕೊಡುತ್ತೇನೆ ಬಿಡಿ, ಅವರಿಗೆ ಅದೇ ಇಷ್ಟವಾಗುವುದು.